ಬಾಲ ನೋಡಿ ಗುರುತು ಹಿಡಿದದ್ದು

ಮನುಷ್ಯರ ಮುಖ ನೆನಪಿಟ್ಟುಕೊಳ್ಳುವುದರಲ್ಲಿ ನಾನು ಮೊದಲಿನಿಂದಲೂ ಹಿಂದೆ. ಕೊರೋನಾ ಬಂದು ಎಲ್ಲರ ಮುಖಕ್ಕೂ ಮಾಸ್ಕ್ ಏರಿದಾಗ, ಹೇಳಲು ನಾಚಿಕೆ, ಒಳಗೊಳಗೇ ಸಮಾಧಾನವಾಯಿತು. ಇನ್ನು ಎಲ್ಲರೂ ನನ್ನಂತೆಯೇ ತಡಬಡಾಯಿಸುತ್ತಾರೆ ಎಂದುಕೊಂಡೆ. ಹಾಗೇನೂ ಆಗಲಿಲ್ಲ. ಜಪಾನಿನ ಇಚಿಕಾವಾದಲ್ಲಿ, ನಮ್ಮ ಮನೆಯ ಕೆಳಗಿನ ಕೊಂಬಿನಿ ಎಂಬ ಹಗಲುರಾತ್ರಿಯ ದಿನಸಿ ಅಂಗಡಿಯಲ್ಲಿ, ಹೆಂಡತಿ ಸೌಮ್ಯಳಂಥದೇ ಜಾಕೆಟ್ ಹಾಕಿದ್ದ ಹೆಂಗಸೊಬ್ಬರ ಬುಟ್ಟಿಗೆ ಎರಡು ಡಬ್ಬಿ ಮೊಸರು ಹಾಕಿ, "ಸಾಕಾ?" ಎಂದು ಕೇಳಿದೆ. ಆಕೆ ಡಬ್ಬಿಗಳನ್ನು ಎರಡೂ ಕೈಯಿಂದ ಹಿಂದಿರುಗಿಸಿ, ತಪ್ಪು ತಮ್ಮದೇ ಎಂಬಂತೆ "ಸುಮಿಮಾಸೆನ್" ಎಂದು ಕ್ಷಮೆ ಕೇಳಿ ಬಾಗಿದರು. ಸೌಮ್ಯ ಪಕ್ಕದ ಸಾಲಿನಿಂದ ಎಲ್ಲವನ್ನೂ ನೋಡುತ್ತಿದ್ದಳು.

ಇಂಥವನು ತಿಮಿಂಗಿಲದ ಗುರುತು ಹಿಡಿಯುವ ಕೆಲಸದಲ್ಲಿ ಸಿಕ್ಕಿಕೊಂಡೆ ಎಂದರೆ ನೀವು ನಂಬಬೇಕು.

ಕೊರೋನಾ ಬಂದು ಮೂರು ವರ್ಷವಾಗುತ್ತಿದ್ದ ಫೆಬ್ರವರಿ. ಊರಿನ ವಿಮಾನದ ಟಿಕೆಟ್ಟು ಕೈಗೆಟುಕುವಂತಿರಲಿಲ್ಲ, ಹಾಗಾಗಿ ದಕ್ಷಿಣದ ಒಕಿನಾವಾ ದ್ವೀಪಕ್ಕೆ ಹೋದೆವು. ಚಳಿಗಾಲದಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳು ಬಾಣಂತನಕ್ಕೆ ತವರಿಗೆ ಬಂದಂತೆ ಅಲ್ಲಿನ ಬೆಚ್ಚನೆಯ ನೀರಿಗೆ ಬರುತ್ತವೆ. ದೋಣಿಯಲ್ಲಿ ಅವನ್ನು ತೋರಿಸುವವರು ಮಿಯಾಗಿ-ಸಾನ್, ಐವತ್ತು ದಾಟಿದ ಹೆಂಗಸು. ಅವರ ಕೈಯಲ್ಲೊಂದು ದಪ್ಪ ಫೈಲು, ಅದರ ತುಂಬ ಬರೀ ಬಾಲದ ಫೋಟೋಗಳು. ತಿಮಿಂಗಿಲ ಆಳಕ್ಕೆ ಮುಳುಗುವ ಮುನ್ನ ಬಾಲ ಎತ್ತುತ್ತದೆಯಂತೆ. ಅದರ ಅಡಿಭಾಗದ ಕಪ್ಪುಬಿಳಿ ಮಚ್ಚೆ, ಅಂಚಿನ ಕಚ್ಚು, ಗಾಯದ ಗೆರೆ ಒಂದಕ್ಕಿದ್ದಂತೆ ಇನ್ನೊಂದಕ್ಕಿಲ್ಲ.

ನನಗೆ ಹತ್ತನೆಯ ತರಗತಿ ನೆನಪಾಯಿತು. ಪರೀಕ್ಷೆಯ ಅರ್ಜಿಯಲ್ಲಿ ಗುರುತಿನ ಮಚ್ಚೆ ಬರೆಯಬೇಕಿತ್ತು. ನನ್ನ ಮೈಮೇಲೆ ಹುಡುಕಿ ಹುಡುಕಿ ಸುಸ್ತಾದ ಮೇಷ್ಟ್ರು ಕೊನೆಗೆ "ಎಡ ಮೊಣಕಾಲಿನ ಮೇಲೆ ಒಂದು" ಎಂದು ಬರೆದರು. ಇಷ್ಟು ವರ್ಷದಲ್ಲಿ ಮೊಣಕಾಲು ನೋಡಿ ನನ್ನನ್ನು ಗುರುತಿಸಿದವರು ಯಾರೂ ಇಲ್ಲ. ತಿಮಿಂಗಿಲಗಳ ಇಲಾಖೆಯೇ ವಾಸಿ.

ಮಿಯಾಗಿ-ಸಾನ್ ಒಂದು ಹಾಳೆಯ ಮೇಲೆ ಬೆರಳಿಟ್ಟರು. ಬಾಲದ ಬಲಭಾಗದಲ್ಲಿ ಬಿದಿಗೆ ಚಂದ್ರನಂಥ ಬಿಳಿ ಗೆರೆ, ಎಡ ಅಂಚಿನಲ್ಲೊಂದು ಕಚ್ಚು. ಇದು ತಾವು ಕೆಲಸಕ್ಕೆ ಸೇರಿದ ಚಳಿಗಾಲದಲ್ಲಿ ಮೊದಲು ನೋಡಿದ ತಿಮಿಂಗಿಲ, ಆಮೇಲೆ ಪ್ರತಿವರ್ಷವೂ ಕಂಡಿದೆ ಎಂದರು. ಕೊರೋನಾದಿಂದಾಗಿ ಎರಡು ಚಳಿಗಾಲ ಅವರ ದೋಣಿ ಹೊರಟಿರಲಿಲ್ಲ. ಈ ಸಲ ಹೊರಟಿದೆ, ಅದು ಮಾತ್ರ ಇನ್ನೂ ಕಂಡಿಲ್ಲ. ಜಪಾನಿ ಮಾತನ್ನು ನಮಗೆ ತಿಳಿಸುತ್ತಿದ್ದ ನನ್ನ ಒಂಬತ್ತು ವರ್ಷದ ಮಗಳು ಇಂಚರಳ ದನಿ ಇಳಿಯಿತು. "ಅಪ್ಪಾ, ಅದು ಅಲೈವ್ ಇದ್ಯಾ ಇಲ್ವಾ, ಅವ್ರಿಗೆ ಗೊತ್ತಿಲ್ವಂತೆ." ಆಮೇಲೆ ಅವಳು ದೋಣಿಯ ಅಂಚಿನ ಕಂಬಿ ಬಿಟ್ಟು ಕದಲಲಿಲ್ಲ.

ಒಂದು ಗಂಟೆಯ ಮೇಲೆ ಬುಸ್ಸೆಂದು ನೀರು ಚಿಮ್ಮಿತು. ಕ್ಯಾಮೆರಾ ಹಿಡಿದವನು ನಾನೇನು ಮಾಡಬೇಕಿತ್ತು? ಬಾಲಕ್ಕೆ ಕಾಯಬೇಕಿತ್ತು. ಆದರೆ ನಮ್ಮಲ್ಲಿ ಫೋಟೋ ಎಂದರೆ ಮುಖ. ಮದುವೆಮನೆಯಲ್ಲಿ ಸಾರು ಬಡಿಸುವವರನ್ನೂ ತಡೆದು "ಸ್ವಲ್ಪ ಈ ಕಡೆ ನೋಡಿ" ಎನ್ನುವ ಪರಂಪರೆ ನಮ್ಮದು. ತಲೆ ಮೇಲೆದ್ದಾಗಲೆಲ್ಲ ಒತ್ತಿದೆ. ಸೌಮ್ಯಳಿಗೆ ಬೇಸರ ಬಂತು. "ರೀ, ಆ ಮೀನಿನ ತಲೆ ಸಾಕು. ನಮ್ಮಿಬ್ರದ್ದೂ ಒಂದ್ ತೆಗೀರಿ." ಒಲ್ಲೆನೆಂದ ಮಗಳನ್ನೂ ಎಳೆದು, ಇಬ್ಬರೂ ಸಮುದ್ರಕ್ಕೆ ಬೆನ್ನು ಹಾಕಿ ನಿಂತರು. ನಾನು ಒತ್ತುವುದಕ್ಕೂ ಹಿಂದೆ ಬಾಲ ಏಳುವುದಕ್ಕೂ ಸರಿಹೋಯಿತು. ಮಿಯಾಗಿ-ಸಾನ್ ಆಗ ವಾಂತಿ ಮಾಡುತ್ತಿದ್ದ ಪ್ರಯಾಣಿಕರೊಬ್ಬರಿಗೆ ಚೀಲ ಹಿಡಿದಿದ್ದರು. ಅವರು ತಿರುಗುವಷ್ಟರಲ್ಲಿ ನೀರಿನ ಮೇಲೆ ನುಣ್ಣನೆಯ ವೃತ್ತವೊಂದೇ ಉಳಿದಿತ್ತು.

ಅರ್ಧ ಗಂಟೆ ಕಾದರೂ ಅದು ಮತ್ತೆ ಏಳಲಿಲ್ಲ. ದೋಣಿ ದಡಕ್ಕೆ ತಿರುಗಿತು. ಬಾಲ ಯಾರಿಗಾದರೂ ಸಿಕ್ಕಿತೇ ಎಂದು ಮಿಯಾಗಿ-ಸಾನ್ ಒಬ್ಬೊಬ್ಬರನ್ನೇ ಕೇಳುತ್ತ ಬಂದರು. ಇಂಚರ ನನ್ನ ಕ್ಯಾಮೆರಾ ಕಿತ್ತುಕೊಂಡು ಹುಡುಕಿದಳು. ತಲೆ, ತಲೆ, ಮತ್ತೆ ತಲೆ. ಅವಳು ನನ್ನನ್ನು ನೋಡಿದ ನೋಟಕ್ಕೆ ಸಮುದ್ರಕ್ಕೆ ಹಾರಬಹುದಿತ್ತು. ಕೊನೆಯಲ್ಲಿ ಅಮ್ಮ ಮಗಳ ಫೋಟೋ. ನನ್ನ ಹಳೆಯ ಕ್ಯಾಮೆರಾ ಫೋಕಸ್ ಮಾಡಲು ಮುಖಕ್ಕಾಗಿ ತಡಕಿ, ಮಾಸ್ಕುಗಳ ನಡುವೆ ಮುಖವೇ ಸಿಗದೆ, ಹಿಂದಿನದಕ್ಕೆ ಜೋತುಬಿದ್ದಿತ್ತು. ಹೆಂಡತಿ ಮಗಳು ಮಸುಕು ಮಸುಕು. ಅವರ ತಲೆಗಳ ನಡುವೆ ಬಾಲ, ಒಂದೊಂದು ಗೀರೂ ಎಣಿಸುವಷ್ಟು ಸ್ಪಷ್ಟ.

ಮಿಯಾಗಿ-ಸಾನ್ ಫೈಲನ್ನು ಪಕ್ಕದಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಅದೇ ಚಂದ್ರ, ಎಡ ಅಂಚಿನಲ್ಲಿ ಅದೇ ಕಚ್ಚು. ಕನ್ನಡಕ ತೆಗೆದು ಒರೆಸಿಕೊಂಡು "ಒಕಾಯೆರಿ" ಎಂದರು, ಮನೆಗೆ ಮರಳಿದವರಿಗೆ ಹೇಳುವ ಮಾತು.

ಹಾಳೆಯ ಕೆಳಭಾಗದ ಪಟ್ಟಿಯಲ್ಲಿ ವರ್ಷಕ್ಕೊಂದು ಚೌಕದ ಮನೆ. ಈ ವರ್ಷದ್ದರಲ್ಲಿ ಅವರು, ಕಂಡಿತು ಎಂಬುದಕ್ಕೆ, ವೃತ್ತ ಬರೆದರು. ಅದರ ಹಿಂದಿನ ಎರಡು ಖಾಲಿ. ಆ ಎರಡು ವರ್ಷ ತಿಮಿಂಗಿಲ ಬರಲಿಲ್ಲವೇ ಎಂದು ಇಂಚರ ಕೇಳಿದಳು.

"ಅದು ಬಂದಿರುತ್ತದೆ. ಬಾರದೆ ಇದ್ದವರು ನಾವು," ಎಂದರಂತೆ ಮಿಯಾಗಿ-ಸಾನ್.

ದಡ ಮುಟ್ಟುವವರೆಗೂ ನಾನು ಆ ಖಾಲಿ ಮನೆಗಳನ್ನೇ ನೋಡುತ್ತ ಕೂತೆ. ಎರಡು ವರ್ಷ ಪ್ರಪಂಚವೇ ನಿಂತುಹೋಗಿತ್ತು ಎಂದು ಊರಿಗೆಲ್ಲ ಫೋನು ಮಾಡಿ ಹೇಳಿಕೊಂಡವನು ನಾನು.