ಅರ್ಧ ಮಾತ್ರೆ

ಹೊಲಿಗೆ ಕಾರ್ಖಾನೆಯಲ್ಲಿ ತಂಗಿ ಅಂಗಿಗಳಿಗೆ ತೋಳು ಕೂಡಿಸುತ್ತಿದ್ದಳು, ಪಕ್ಕದ ಮೆಷಿನ್ನಿನಲ್ಲಿ ಅಕ್ಕ ಕಾಲರ್ ಹೊಲಿಯುತ್ತಿದ್ದಳು. ಒಬ್ಬಳ ಕೈ ನಿಂತರೆ ಸಾಲಿಗೆ ಸಾಲೇ ಬೈಸಿಕೊಳ್ಳಬೇಕು. ಹಾಗಾಗಿ ಯಾರಿಗೆ ಸೊಂಟ ಹಿಡಿದರೂ ಪಕ್ಕದವಳು ತನ್ನ ಬಾಬಿನ್ ಡಬ್ಬಿಯಿಂದ ಒಂದು ನೋವಿನ ಮಾತ್ರೆ ದಾಟಿಸುವುದು ಅಲ್ಲಿನ ರೂಢಿ. ತಂಗಿಗೆ ಮೊದಲ ಮಾತ್ರೆ ಕೊಟ್ಟವಳು ಅಕ್ಕನೇ.

"ನುಂಗೇ, ಮೆಷಿನ್ನಿಗೆ ಎಣ್ಣೆ ಬಿಟ್ಟ ಹಾಗಿರುತ್ತೆ," ಎಂದಿದ್ದಳು.

ನಾಲ್ಕು ವರ್ಷದಲ್ಲಿ ದಿನಕ್ಕೊಂದು ಇದ್ದದ್ದು ಹತ್ತಾಯಿತು. ಸೊಂಟದ ನೋವು ಯಾವಾಗಲೋ ಹೋಗಿತ್ತು. ಈಗ ಮಾತ್ರೆ ಇಲ್ಲದಿರುವುದೇ ನೋವು. ತಂಗಿ ಊಟ ಬಿಟ್ಟಳು, ತೂಕಡಿಸುತ್ತ ಬೆರಳಿಗೆ ಸೂಜಿ ಚುಚ್ಚಿಕೊಂಡಳು. ಅಕ್ಕ ಕಾಣದ ದೇವರಿಗೂ ಕಂಡ ಡಾಕ್ಟರಿಗೂ ಕೈಮುಗಿದಳು. ಕೊನೆಗೆ ಚಟ ಬಿಡಿಸುವ ವಾರ್ಡಿನಲ್ಲಿ ಒಂದು ಹಾಸಿಗೆ ಸಿಕ್ಕಿತು. ಷರತ್ತು ಒಂದೇ: ನಾಲ್ಕು ದಿನ ಮಾತ್ರೆ ಮುಟ್ಟದೆ ಐದನೆಯ ದಿನ ಬರಬೇಕು, ಮೂತ್ರ ಪರೀಕ್ಷೆಯಲ್ಲಿ ಏನೂ ಸಿಗಬಾರದು.

ಅಕ್ಕ ರಜೆ ಹಾಕಿ ಬಾಗಿಲಿಗೆ ಅಡ್ಡ ಕುಳಿತಳು. ತಂಗಿ ಬೆವರಿದಳು, ವಾಂತಿ ಮಾಡಿಕೊಂಡಳು, ಬಾಯಿಗೆ ಬಂದಂತೆ ಬೈದಳು.

"ನೀನೇನು ಅಕ್ಕನೋ, ಜೈಲಿನ ವಾರ್ಡನ್ನೋ?"

"ವಾರ್ಡನ್ನಿಗಾದ್ರೆ ಸಂಬಳ ಬರುತ್ತೆ ಕಣೇ."

ಇಬ್ಬರೂ ಸ್ವಲ್ಪ ನಕ್ಕರು. ನಾಲ್ಕು ದಿನ ಹಾಗೆ ಕಳೆಯಿತು.

ಐದನೆಯ ಬೆಳಿಗ್ಗೆ ತಂಗಿಗೆ ಏಳಲಾಗಲಿಲ್ಲ. ಕಾಲುಗಳು ತಾವಾಗಿಯೇ ನೆಲಕ್ಕೆ ಬಡಿದುಕೊಳ್ಳುತ್ತಿದ್ದವು.

"ಮೂರು ಗಂಟೆ ಹೊತ್ತು ಬಸ್ಸಲ್ಲಿ ಕೂರೋಕಾಗಲ್ಲ ಅಕ್ಕಾ. ನಾನು ಬರಲ್ಲ, ಬಿಟ್ಟುಬಿಡು."

ಹೋಗದಿದ್ದರೆ ಹಾಸಿಗೆ ಕೈತಪ್ಪುತ್ತದೆ. ಕೈ ನಿಂತವಳನ್ನು ನಡೆಸುವುದಕ್ಕೆ ಅಕ್ಕನಿಗೆ ಗೊತ್ತಿದ್ದ ದಾರಿ ಒಂದೇ. ತನ್ನ ಸೊಂಟಕ್ಕೆಂದು ಇಟ್ಟುಕೊಂಡಿದ್ದ ಡಬ್ಬಿ ತೆರೆದು ಒಂದು ಮಾತ್ರೆಯನ್ನು ಉಗುರಿನಿಂದ ಮುರಿದಳು. ದೇವರೇ, ಅರ್ಧ ತಾನೇ, ಕಣ್ಣು ಮುಚ್ಚಿಕೋ ಎಂದು ಬೇಡಿಕೊಂಡು ತಂಗಿಯ ನಾಲಿಗೆಯ ಮೇಲಿಟ್ಟಳು. ಉಳಿದರ್ಧವನ್ನು ಕರ್ಚೀಫಿನ ತುದಿಗೆ ಕಟ್ಟಿಕೊಂಡಳು.

ಆಸ್ಪತ್ರೆಯಲ್ಲಿ ನರ್ಸು ಮೂತ್ರ ಪರೀಕ್ಷೆಯ ಚೀಟಿ ಹಿಡಿದು ಬಂದಳು.

"ಮಾತ್ರೆ ತಗೊಂಡಿದ್ದಾಳಲ್ಲಮ್ಮ."

"ಅರ್ಧ, ಸಿಸ್ಟರ್. ಬಸ್ಸು ಹತ್ತಲಿ ಅಂತ ನಾನೇ ಕೊಟ್ಟೆ."

"ಅರ್ಧ, ಒಂದು ಅಂತ ಪರೀಕ್ಷೆಗೆ ಗೊತ್ತಾಗಲ್ಲ. ನನ್ನ ಕೈಲೇನೂ ಇಲ್ಲ." ನರ್ಸು ಬೆಂಚಿನ ಕಡೆ ತಿರುಗಿದಳು. ಅಲ್ಲಿ ಒಬ್ಬ ಲಾರಿ ಡ್ರೈವರು, ಒಬ್ಬ ಗಾರೆಯವನು, ಮಗುವನ್ನು ತೊಡೆಯ ಮೇಲಿಟ್ಟುಕೊಂಡ ಒಬ್ಬ ಟೀಚರು ಕಾಯುತ್ತಿದ್ದರು. ಆ ಹಾಸಿಗೆಗೆ ಡ್ರೈವರು ಎದ್ದು ಒಳಗೆ ಹೋದ.

"ಮತ್ತೆ ಹಾಸಿಗೆ ಯಾವಾಗ ಸಿಗುತ್ತೆ?"

"ಎಂಟು ತಿಂಗಳಾಗಬಹುದು. ಹೆಸರು ಬರೆಸಿ ಹೋಗಿ."

ವಾಪಸು ಬಸ್ಸಿನಲ್ಲಿ ತಂಗಿ ಬೈಯಲಿಲ್ಲ, ಅಳಲಿಲ್ಲ. ಅರ್ಧ ದಾರಿಯಾದ ಮೇಲೆ ಅಕ್ಕನ ಭುಜಕ್ಕೆ ತಲೆಯಾನಿಸಿ ಮೆಲ್ಲಗೆ ಕೇಳಿದಳು.

"ಇನ್ನರ್ಧ ಇದೆಯಲ್ಲ?"

ನಾಳೆ ಎಂಟಕ್ಕೆ ಇಬ್ಬರೂ ಕಾರ್ಖಾನೆಯ ಸಾಲಿನಲ್ಲಿರಬೇಕು. ಅಕ್ಕ ಕರ್ಚೀಫಿನ ಗಂಟು ಬಿಚ್ಚಿದಳು. ಈ ಸಲ ದೇವರನ್ನು ಏನೂ ಕೇಳಲಿಲ್ಲ.