ಗಾಲ್ಫ್ ಮೈದಾನದ ಹುಲ್ಲು, ರಾಮಲಕ್ಷ್ಮಮ್ಮನ ಹಸು

ಹೊಸೂರಿಗೆ ಕಾರ್ಖಾನೆಗಳು ಬಂದ ಕಾಲ. ಅವಲಪಲ್ಲಿಯಾಚೆ ಒಂದು ಕಂಪನಿಯವರು ತಮ್ಮ ಸಾಹೇಬರ ಗಾಲ್ಫ್ ಆಟಕ್ಕೆಂದು ರಾಗಿ ಹೊಲಗಳನ್ನು ಮಟ್ಟ ಮಾಡಿಸಿ ಹುಲ್ಲು ಬೆಳೆಸಿದ್ದರು. ಅಲ್ಲಿ ಕಳೆ ಕೀಳುವ ಕೆಲಸ ರಾಮಲಕ್ಷ್ಮಮ್ಮನದು. ಗಂಡ ತೀರಿಕೊಂಡ ಮೇಲೆ ಅವಳಿಗೆ ಉಳಿದದ್ದು ಒಂದು ಹಸು, ಅದರ ಕರು. ಕೂಲಿ ಅಷ್ಟಕ್ಕಷ್ಟೆ, ಮೈದಾನದಂಚಿನ ಹುಲ್ಲನ್ನು ಕೊಯ್ದು ಮನೆಗೆ ಹೊರಬಹುದೆಂದು ಮೇಸ್ತ್ರಿ ಒಪ್ಪಿದ್ದ, ಅದಕ್ಕೇ ಅಲ್ಲಿ ನಿಂತಿದ್ದಳು. ಆ ಹುಲ್ಲಿನಿಂದ ಹಾಲು, ಹಾಲಿನಿಂದ ಒಲೆ.

ಎಂಬತ್ತೆರಡರ ಮಳೆಗಾಲದಲ್ಲಿ ಹುಲ್ಲಿಗೆ ಹುಳ ಬಿತ್ತು. ಬೇರಿನ ಬಳಿ ಸುರುಳಿ ಸುತ್ತಿದ್ದ ಕಂದು ಹುಳಗಳನ್ನು ಮೊದಲು ಕಂಡವಳು ಅವಳೇ. ಹೇಳಿದರೆ ಔಷಧಿ ಹೊಡೆಸುತ್ತಾರೆ, ಹುಲ್ಲು ಕೈತಪ್ಪುತ್ತದೆ. ಬಾಯಿ ಬಿಡಲಿಲ್ಲ. ಸಂಜೆ ಹೊತ್ತು ರಾಗಿ ಹೊಲದಲ್ಲಿ ಮಾಡುವ ಹಾಗೆ ಬಗ್ಗಿ ಆರಿಸಿ, ಬೂದಿ ತುಂಬಿದ ಮಡಕೆಗೆ ಹಾಕಿದಳು. ರಾಗಿಯಾದರೆ ಸಾಲಿನಲ್ಲಿರುತ್ತದೆ, ಈ ಹುಲ್ಲು ಕಂಬಳಿಯಂತೆ ನೆಲಕ್ಕಂಟಿತ್ತು. ವಾರದೊಳಗೆ ಗೊರವಂಕಗಳು ಹಿಂಡುಗಟ್ಟಿ ಇಳಿದವು. ಹಸಿರಿನ ನಡುವೆ ಸುಟ್ಟಂಥ ತೇಪೆಗಳೆದ್ದವು. ಮೇಸ್ತ್ರಿಗೆ ತಿಳಿಯದೆ ಇರುತ್ತದೆಯೇ?

ಔಷಧಿಯ ಪಂಪು ಹೊತ್ತವನು ಅವಳ ಮೈದುನ ಪಾಪಯ್ಯ.

"ಅತ್ಗೆ, ಇನ್ನು ಹದಿನೈದು ದಿನ ಈ ಹುಲ್ಲು ಮುಟ್ಬೇಡ."

"ಹಸೂಗೆ ನಿನ್ನ ತಲೆ ಹಾಕ್ಲೇನ್ಲಾ?"

"ಹಾಕು. ಅದ್ರಾಗೆ ಬರೀ ಬೂಸಾ ಐತೆ ಅಂತ ನಮ್ಮೋಳು ದಿನಾ ಅಂತಾಳೆ."

ಅವಳು ನಗಲಿಲ್ಲ. ನೆರೆಯ ನಾರಾಯಣಮ್ಮನಲ್ಲಿ ಬೇಡಿ ತಂದ ಒಣ ರಾಗಿಹುಲ್ಲಿಗೆ ಹಸುವಿನ ಹಾಲು ಅರ್ಧಕ್ಕಿಳಿಯಿತು. ಅಷ್ಟರಲ್ಲಿ ಒಂದು ರಾತ್ರಿ ಜೋರು ಮಳೆ ಹೊಯ್ದಿತು. ಅವಳ ತವರು ತಳಿ ಎಂಬ ಊರು. ಅಲ್ಲಿ ಬೀನ್ಸಿಗೆ ಔಷಧಿ ಹೊಡೆದವರು ಒಂದು ಹದ ಮಳೆ ಬಿದ್ದರೆ ಸಾಕು, ಮಾರನೆಯ ದಿನವೇ ಕಿತ್ತು ಸಂತೆಗೆ ಕಳಿಸುತ್ತಿದ್ದರು. ಮಳೆ ತೊಳೆದರೆ ವಿಷ ಹೋಯಿತು ಎಂಬ ಮಾತು ಕೇಳಿಯೇ ಬೆಳೆದವಳು ಅವಳು. ಮಳೆಯ ಮಾರನೆಯ ದಿನವೆಲ್ಲ ಮೈದಾನದ ಆಚೆ ತುದಿಯಲ್ಲಿ ಕಳೆ ಕಿತ್ತು, ಹೊರಡುವ ಮುಂಚೆ ಈಚೆಯ ಅಂಚಿನಲ್ಲಿ ಒಂದು ಹೊರೆ ಕೊಯ್ದಳು. ಹಸು ಆಸೆಯಿಂದ ಮೇಯಿತು.

ದೀಪ ಹಚ್ಚುವ ಹೊತ್ತಿಗೆ ಅದರ ಬಾಯಲ್ಲಿ ಜೊಲ್ಲು ಸುರಿಯತೊಡಗಿತು. ಕಾಲು ನಡುಗಿ ಕುಸಿಯಿತು. ದನದ ಮದ್ದು ಬಲ್ಲ ದಾಸಪ್ಪ ಹುಣಿಸೆ ನೀರು ಕುಡಿಸಲು ನೋಡಿದ; ಗಂಟಲಿನಲ್ಲಿ ಇಳಿಯಲಿಲ್ಲ. ಸುದ್ದಿ ಕೇಳಿ ಪಾಪಯ್ಯ ಗೋಡೆ ಹಿಡಿದುಕೊಂಡು ಬಂದ.

"ಬೆಳಿಗ್ಗೆ ತಿರ್ಗಾ ಹೊಡ್ದೆ ಅತ್ಗೆ. ನಂಗೇ ತಲೆ ತಿರುಗ್ತು, ನೀನು ಬರೋಕೆ ಮುಂಚೆ ಮನೆಗೆ ಬಂದು ಬಿದ್ಕೊಂಡೆ."

"ರಾತ್ರಿ ಮಳೆ ಬಂತಲ್ಲಾ."

"ತೊಳೆದೋಯ್ತು ಅಂತಾನೇ ಮೇಸ್ತ್ರಿ ತಿರ್ಗಾ ಹೊಡ್ಸಿದ್ದು."

ಹಸುವಿನ ಉಸಿರು ನಿಂತಿತು. ಕರು ಕೆಚ್ಚಲಿಗೆ ಬಾಯಿ ಹಾಕಲು ಹಗ್ಗ ಜಗ್ಗುತ್ತಿತ್ತು. ರಾಮಲಕ್ಷ್ಮಮ್ಮ ಎರಡೂ ಕೈಯಿಂದ ಅದನ್ನು ಹಿಡಿದೆಳೆದುಕೊಂಡು ಬೆಳಗಾಗುವ ತನಕ ಕೂತಿದ್ದಳು. ಕೆಲಸ ಬಿಡಲಿಲ್ಲ, ಬಿಟ್ಟು ಬದುಕುವುದೆಲ್ಲಿ? ಕರುವನ್ನು ಮಾತ್ರ ತಳಿಗೆ ಹೋಗುವವರ ಜೊತೆ ತವರಿಗೆ ಅಟ್ಟಿಬಿಟ್ಟಳು.