ಹೊಲಿಗೆಗೆ ಬಿಟ್ಟ ಎರಡು ಬೆರಳು

ಚಿಕ್ಕಮ್ಮನ ಅಂಗಡಿಯ ಗೋಡೆಯಲ್ಲಿ ಒಂದು ದಪ್ಪ ಮೊಳೆ ಇದೆ. ಅದಕ್ಕೆ ಕಂದು ಕಾಗದದ ತುಂಡುಗಳು ಗೊಂಚಲಾಗಿ ನೇತುಬಿದ್ದಿವೆ. ಕೋಟಿನ ತೋಳು, ಶಾಲೆಯ ಸಮವಸ್ತ್ರದ ಕಾಲರು, ಬ್ಯಾಂಕಿನ ಮ್ಯಾನೇಜರರ ಅಗಲವಾದ ಬೆನ್ನು. ಬಟ್ಟೆಗೆ ಕತ್ತರಿ ಹಾಕುವ ಮೊದಲು ಕಾಗದದಲ್ಲಿ ಕತ್ತರಿಸಿಕೊಳ್ಳುವುದು ಅವಳ ಕ್ರಮ. ಆ ಗೊಂಚಲಿನಲ್ಲಿ ಒಂದು ತುಂಡು ಮಾತ್ರ ಯಾರ ಮೈಗೂ ಸೇರಿದ್ದಲ್ಲ. ಅದು ಒಂದು ಕಿಟಕಿ.

ಗಿರಾಕಿಗಳು ಕೇಳುತ್ತಾರೆ. “ಇದೇನು ಟೈಲರಮ್ಮ, ದಿಂಬಿನ ಚೀಲಾನಾ?”

“ಒಬ್ಬ ಹೆಂಗಸಿಂದು. ಇನ್ನೂ ಡೆಲಿವರಿ ಆಗಿಲ್ಲ” ಎನ್ನುತ್ತಾಳೆ ಚಿಕ್ಕಮ್ಮ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ.

ಬಹಳ ವರ್ಷಗಳ ಹಿಂದೆ ಅವಳು ಹಳೆಯ ಹೊಲಿಗೆ ಯಂತ್ರವೊಂದನ್ನು ಕೊಳ್ಳಲು ನದಿಯ ಪಕ್ಕದ ಊರಿಗೆ ಹೋಗಿದ್ದಳು. ವ್ಯಾಪಾರ ಬೇಗ ಮುಗಿಯಿತು, ರೈಲಿಗೆ ಹೊತ್ತಿತ್ತು. ಹೊತ್ತು ಕಳೆಯಲು ಅಲ್ಲಿನ ಕೋಟೆ ನೋಡಿದಳು. ಒಂದು ಸಣ್ಣ ಕೋಣೆಯ ಹೊರಗೆ ಫಲಕವಿತ್ತು. ಮುತ್ತಿಗೆಯ ಕಾಲದಲ್ಲಿ ಸೈನಿಕರ ಬಟ್ಟೆ ಹೊಲಿಯುತ್ತಿದ್ದ ಹೆಂಗಸೊಬ್ಬಳನ್ನು ಇಲ್ಲಿ ಸೆರೆಯಿಟ್ಟಿದ್ದರು, ಆಕೆ ತಪ್ಪಿಸಿಕೊಂಡಳೆಂದು ಹೇಳುತ್ತಾರೆ. ಅಷ್ಟೇ. ಯಾರು, ಏನು ತಪ್ಪು ಮಾಡಿದ್ದಳು, ಹೇಗೆ ಹೋದಳು, ಒಂದೂ ಇಲ್ಲ. ಕೋಣೆಗೆ ಒಂದು ಬಾಗಿಲು, ಒಂದು ಕಿಟಕಿ. ಚಿಕ್ಕಮ್ಮ ಹೊರಗೆ ಹೋಗಿ ಅಂಗಡಿಯಿಂದ ಕಂದು ಕಾಗದ ತಂದು, ಕಿಟಕಿಗೆ ಹಿಡಿದು ಸೀಮೆಸುಣ್ಣದಲ್ಲಿ ಗುರುತು ಹಾಕಿ, ಕೈಚೀಲದ ಕತ್ತರಿಯಿಂದ ಅಲ್ಲೇ ಕತ್ತರಿಸಿಕೊಂಡು ಬಂದಳು. ಯಂತ್ರದ ಜೊತೆ ಆ ಕಿಟಕಿಯೂ ರೈಲು ಹತ್ತಿತು.

ಅವತ್ತಿನಿಂದ ಅವಳು ಒಂದು ಕಾದಂಬರಿ ಬರೆಯುತ್ತಿದ್ದಾಳೆ. ಒಬ್ಬ ಗಿರಾಕಿ ಹೋಗಿ ಇನ್ನೊಬ್ಬರು ಬರುವ ನಡುವೆ, ಹಳೆಯ ಕಾಗದದ ತುಂಡುಗಳ ಬೆನ್ನಿಗೆ, ಪೆನ್ಸಿಲಿನಲ್ಲಿ. ಅಂದಾಜು ಎಂದರೆ ಅವಳಿಗೆ ಆಗದು. “ಅಂದಾಜಿಗೆ ಹೊಲಿದ ಕೋಟು ಸುಮ್ನೆ ನಿಂತಾಗ ಚೆನ್ನಾಗೇ ಇರುತ್ತೆ. ಹಾಕ್ಕೊಂಡವರು ಕೈ ಎತ್ತಿದಾಗ ಗೊತ್ತಾಗುತ್ತೆ” ಎನ್ನುವುದು ಅವಳ ಮಾತು. ಸೆರೆಯಲ್ಲಿದ್ದವಳು ಕಲ್ಲಿನ ಮೇಲೆ ಮಲಗುತ್ತಾಳೆಂದು ಬರೆಯುವ ಮೊದಲು ಮಧ್ಯಾಹ್ನ ಅಂಗಡಿಯ ಹಿಂದಿನ ಬರಿಯ ನೆಲದ ಮೇಲೆ ಮಲಗಿ ಎದ್ದಿದ್ದಳು, ಯಾವ ಮೂಳೆ ಮೊದಲು ನೋಯುತ್ತದೆ ಎಂದು ತಿಳಿಯಲು. ಆ ಹೆಂಗಸಿಗೆ ಕೊಟ್ಟ ಮೈಯೂ ಅಂದಾಜಿನದಲ್ಲ. ಮೊಳೆಯ ಮೇಲಿದ್ದ ಒಂದು ಹಳೆಯ ಗೌನಿನ ಅಳತೆ ಅದು. ಆ ಗೌನು ನನ್ನ ಅಮ್ಮನದು.

ಅಮ್ಮ ತೀರಿಕೊಂಡ ಮೇಲೆ ನಾನು ಚಿಕ್ಕಮ್ಮನ ಮನೆಯಲ್ಲೇ ಇದ್ದೇನೆ. ಕಾಲೇಜಿನ ಗ್ರಂಥಾಲಯದಿಂದ ಮುತ್ತಿಗೆಯ ಕುರಿತ ಪುಸ್ತಕ ತಂದುಕೊಡುವುದು ನನ್ನ ಕೆಲಸ. ಬರೆದದ್ದನ್ನು ಮೊದಲು ಓದುವವಳೂ ನಾನೇ. ಉಗ್ರಾಣ ಸುಟ್ಟು ಹೋಗಿ ಕೋಟೆಯೊಳಗೆ ಜನ ಹಸಿದಿದ್ದರೆಂದು ಒಂದು ಪುಸ್ತಕದಲ್ಲಿತ್ತು. ಅದನ್ನು ಓದಿ ಹೇಳಿದಾಗ ಚಿಕ್ಕಮ್ಮ “ನೋಡೋಣ” ಎಂದಳು. ಮುಂದಿನ ಅಧ್ಯಾಯದಲ್ಲಿ ಒಬ್ಬ ಒಳ್ಳೆಯ ಅಡುಗೆಯವನು ಬಂದ. ಅಂಗಿಯೊಳಗೆ ರೊಟ್ಟಿ ಬಚ್ಚಿಟ್ಟುಕೊಂಡು ಸೆರೆಮನೆಗೆ ತಂದುಕೊಡುವವನು. ಊರೆಲ್ಲ ಹಸಿದರೂ ಅವಳಿಗೆ ಹೊಟ್ಟೆ ತುಂಬಿತು.

ಚಿಕ್ಕಪ್ಪನಿಗೆ ಬಸ್ ಡಿಪೋದಲ್ಲಿ ಗಾಡಿಗಳ ವೇಳೆ ನೋಡಿಕೊಳ್ಳುವ ಕೆಲಸ. “ಕೆಟ್ಟು ನಿಂತ ಬಸ್ಸುಗಳೂ ಇಷ್ಟೊತ್ತಿಗೆ ಹೊರಟು ಹೋದವು. ನಿನ್ನ ಖೈದಿ ಮಾತ್ರ ಹೊರಡಲ್ಲ ನೋಡು” ಎಂದು ಊಟಕ್ಕೆ ಕೂತಾಗಲೆಲ್ಲ ಕೆಣಕುತ್ತಾನೆ.

“ನಿಮ್ಮ ಬಸ್ ನೀವು ನೋಡ್ಕೊಳ್ಳಿ. ನನ್ನವಳನ್ನ ನಾನು ಹೊರಡಿಸ್ತೀನಿ.”

ಅದೊಂದೇ ಉಳಿದಿತ್ತು. ಕೊನೆಯ ಅಧ್ಯಾಯ. ಅವಳು ಆ ಕಿಟಕಿಯಿಂದ ಹೊರಗೆ ಹೋಗಬೇಕು. ಹೋಗಿ ಕಾಲಿಟ್ಟಲ್ಲಿ ಹುಲ್ಲಿದೆಯೋ ಕಲ್ಲಿದೆಯೋ, ತಲೆಯೆತ್ತಿದರೆ ಮೊದಲು ಏನು ಕಾಣುತ್ತದೆ, ಇವು ಚಿಕ್ಕಮ್ಮನಿಗೆ ನೆನಪಿರಲಿಲ್ಲ. ಅಷ್ಟರಲ್ಲಿ ಕೋಟೆಯ ಆ ಭಾಗವನ್ನು ದುರಸ್ತಿಗೆ ಮುಚ್ಚುತ್ತಾರೆ, ಕಿಟಕಿಗಳಿಗೆಲ್ಲ ಜಾಲರಿ ಬಡಿಯುತ್ತಾರೆ ಎಂಬ ಸುದ್ದಿ ಬಂತು. ಅಂಗಡಿಗೆ ಬೀಗ ಹಾಕಿ, ಕಾಗದದ ಕಿಟಕಿಯನ್ನು ಸುರುಳಿ ಸುತ್ತಿಕೊಂಡು, ನನ್ನನ್ನೂ ಕರೆದುಕೊಂಡು ಹೊರಟಳು.

ಲಾಡ್ಜಿನ ಕೋಣೆಯಲ್ಲಿ ಅವಳು ಮೊದಲು ನೋಡಿದ್ದು ಪರದೆಯ ಅಂಚನ್ನು. ಅದನ್ನು ಬೆರಳಲ್ಲಿ ತಿರುವಿ, “ಇದನ್ನ ಹೊಲಿದವನಿಗೆ ಮನೆಗೆ ಹೋಗೋ ಅವಸರ ಇತ್ತು” ಎಂದು ಕೈಬಿಟ್ಟಳು. ಬೆಳಿಗ್ಗೆ ತಿಂಡಿ ಸರಿಯಾಗಿ ತಿನ್ನಲಿಲ್ಲ.

ಕೋಟೆಯ ಅಂಗಳದಲ್ಲಿ ಕೆಲಸದವರು ಸಾರುವೆಯ ಕಂಬಗಳನ್ನು ಇಳಿಸುತ್ತಿದ್ದರು. ಕೋಣೆಯ ಬಾಗಿಲಲ್ಲಿ ಕಾವಲುಗಾರ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಿದ್ದ.

“ಬೇಗ ನೋಡ್ಕೊಂಡು ಬಂದುಬಿಡಿಮ್ಮಾ. ನಾಳೆಯಿಂದ ಬಂದ್. ನೋಡೋಕೆ ಒಳಗೆ ಏನಿಲ್ಲ ಅನ್ನಿ.”

“ಇದೆ. ನಾನು ಬಂದಿರೋದೇ ಅದಕ್ಕೆ” ಎಂದಳು ಚಿಕ್ಕಮ್ಮ.

ಒಳಗೆ ತಣ್ಣಗಿತ್ತು. ಗೋಡೆಗೆ ಅಂಗೈ ಇಟ್ಟಳು, ಕಿವಿ ಇಟ್ಟಳು. ನನ್ನನ್ನು ಹೊರಗೆ ಕಳಿಸಿ ಓಣಿಯಲ್ಲಿ ನಡೆದು ಬರಲು ಹೇಳಿ, ಹೆಜ್ಜೆ ಯಾವಾಗ ಕೇಳಲು ಶುರುವಾಗುತ್ತದೆಂದು ಗಮನಿಸಿದಳು. ಕಿಟಕಿಯಾಚೆ ಬಗ್ಗಿ ನೋಡಿದಳು. ಕೆಳಗೆ ಹುಲ್ಲು ಬೆಳೆದ ಒಂದಿಷ್ಟು ಸಮನೆಲ, ಆಮೇಲೆ ಇಳಿಜಾರು, ಅದರಾಚೆ ನದಿ. ಅವಳ ಮುಖ ಅರಳಿತು. “ಹುಲ್ಲು ಕಣೇ ಪುಟ್ಟಿ. ಕಾಲು ನೋಯಲ್ಲ.”

ಆಮೇಲೆ ಸುರುಳಿ ಬಿಚ್ಚಿದಳು. ಹಳೆಯ ಗೆಳತಿಯನ್ನು ಅವಳ ತವರಿಗೆ ಕರೆತಂದವಳ ಹಾಗೆ, ಸ್ವಲ್ಪ ನಾಟಕೀಯವಾಗಿಯೇ, ಕಾಗದವನ್ನು ಕಿಟಕಿಯ ಬಾಯಿಗೆ ಹಿಡಿದಳು.

ಅದು ಕೂರಲಿಲ್ಲ. ಎಡಗಡೆ ಸರಿ ಮಾಡಿದರೆ ಬಲಗಡೆಯ ಅಂಚು ಕಲ್ಲಿಗೆ ತಾಗಿ ಮಡಚಿಕೊಂಡಿತು. ಬಲಗಡೆ ತಳ್ಳಿದರೆ ಎಡಗಡೆ. ಮೇಲೂ ಹಾಗೆಯೇ, ಕೆಳಗೂ ಹಾಗೆಯೇ.

“ಗೋಡೆಗೆ ಗಾರೆ ಮೆತ್ತಿದಾರಾ?” ಎಂದು ಬಾಗಿಲ ಕಡೆ ಕೇಳಿದಳು.

“ಗಾರೆ ಎಲ್ಲಿದೆಯಮ್ಮಾ, ಬರೀ ಕಲ್ಲು. ನೂರಾರು ವರ್ಷದಿಂದ ಹಿಂಗೇ ಇದೆ.”

ಚಿಕ್ಕಮ್ಮ ಕಾಗದವನ್ನು ಇಳಿಸಿ, ಮಡಚಿಕೊಂಡ ಅಂಚನ್ನು ಹೆಬ್ಬೆರಳಿನಿಂದ ಸವರಿದಳು. ಸುತ್ತಲೂ ಒಂದೇ ಸಮ, ಎರಡು ಬೆರಳು. ಅವಳಿಗೆ ತಿಳಿದದ್ದು ನನಗೂ ತಿಳಿಯಿತು. ನಾನೂ ಅವಳ ಪಕ್ಕ ಕೂತು ಕತ್ತರಿಸಲು ಕಲಿತವಳೇ. ಗುರುತು ಎಳೆದ ಮೇಲೆ ಗುರುತಿನ ಮೇಲೆಯೇ ಯಾರೂ ಕತ್ತರಿಸುವುದಿಲ್ಲ. ಹೊಲಿಗೆಗೆಂದು ಆಚೆ ಎರಡು ಬೆರಳು ಬಿಡುತ್ತೇವೆ. ಅದನ್ನು ಮನಸ್ಸು ಮಾಡುವುದಿಲ್ಲ, ಕೈ ಮಾಡುತ್ತದೆ.

“ಕಿಟಕಿಗೂ ಹೊಲಿಗೆಗೆ ಬಿಟ್ಟಿದೀನಲ್ಲೇ” ಎಂದಳು. ನಗಲು ನೋಡಿದಳು, ಆಗಲಿಲ್ಲ.

ನಾನು ಚಪ್ಪಲಿ ಬಿಟ್ಟೆ. ನನ್ನದು ಅಮ್ಮನ ಮೈಕಟ್ಟೇ. ಮೊಳೆಯ ಮೇಲಿರುವ ಅವಳ ಗೌನಿನ ಅಳತೆಯೇ ನನಗೂ ಸರಿಯಾಗುತ್ತದೆ.

“ಏನ್ ಮಾಡ್ತಿದೀರಾ?” ಎಂದು ಕಾವಲುಗಾರ ಎದ್ದು ಬಂದ.

“ಹೋಗೋಕಾಗುತ್ತಾ ನೋಡ್ತೀನಿ.”

ಅವನು ನನ್ನನ್ನೂ ಚಿಕ್ಕಮ್ಮನನ್ನೂ ನೋಡಿದ. “ಟಿಕೆಟ್ ತಗೊಂಡು ಬಂದವರು ಬಾಗಿಲಿಂದ ಹೋಗಬಹುದು, ನಾನೇನೂ ತಡೆಯಲ್ಲ” ಎಂದು ಆಕಡೆ ತಿರುಗಿ ನಿಂತ. “ನಾನು ಏನೂ ನೋಡ್ತಾ ಇಲ್ಲ.”

ಒಂದು ಕೈ ಹೋಯಿತು, ತಲೆ ಹೋಯಿತು. ಭುಜವನ್ನು ಓರೆ ಮಾಡಿದರೆ ಅದೂ ಹೋಯಿತು. ಮುಖಕ್ಕೆ ನದಿಯ ಗಾಳಿ ತಾಗಿತು. ಅಲ್ಲಿಂದಾಚೆ ಸೊಂಟ ಅಲುಗಲಿಲ್ಲ. ಮುಂದೂ ಇಲ್ಲ, ಹಿಂದೂ ಇಲ್ಲ. ಚಿಕ್ಕಮ್ಮ ನನ್ನ ಕಾಲು ಹಿಡಿದು ಎಳೆಯುತ್ತ “ಉಸಿರು ಬಿಡು, ಉಸಿರು ಬಿಡು” ಎನ್ನುತ್ತಿದ್ದಳು.

“ಆನೆ ಹೋಗಿ ಬಾಲ ಸಿಕ್ಕಿಕೊಂಡಿತಂತೆ” ಎಂದ ಕಾವಲುಗಾರ, ಗೋಡೆಗೆ ಹೇಳುವವನ ಹಾಗೆ. ಆಮೇಲೆ ಅವನೇ ಬಂದು ಇನ್ನೊಂದು ಕಾಲು ಹಿಡಿದ.

ಹೊರಗೆ ಬೆಂಚಿನ ಮೇಲೆ ಕೂತು ಅವನು ಕೊಟ್ಟ ಕಾಫಿ ಕುಡಿದೆವು. ನನ್ನ ಸೊಂಟದ ಎರಡೂ ಪಕ್ಕ ಚರ್ಮ ತರಚಿತ್ತು. ಚಿಕ್ಕಮ್ಮ ಕಾಗದವನ್ನು ಮತ್ತೆ ಸುರುಳಿ ಸುತ್ತಿದಳು. ವರ್ಷಗಟ್ಟಲೆ ಬರೆದದ್ದೆಲ್ಲ ಆ ಕಿಟಕಿಯ ಕಡೆಗೆ ನಡೆದುಬಂದಿತ್ತು. ಈಗ ಆ ಸೆರೆಯವಳು ಅದರಿಂದ ಹೋಗುವಂತಿಲ್ಲ.

“ಯಾರು ಬಂದು ಅಳೆದು ನೋಡ್ತಾರೆ ಚಿಕ್ಕಮ್ಮ? ಜಾಲರಿ ಬೇರೆ ಹಾಕ್ತಾರೆ.”

“ಕೋಟಿನ ಒಳಗಿನ ಹೊಲಿಗೇನೂ ಯಾರೂ ನೋಡಲ್ಲ.”

“ಹಾಗಾದ್ರೆ ಬಾಗಿಲಿಂದ ಕಳಿಸು. ಕಾವಲಿನವನೇ ಪಾಪ ಅಂತ ಬಿಟ್ಟುಬಿಡ್ಲಿ.”

“ಇವರ ಹಾಗೆ ಕಾಫಿ ಕೊಟ್ಟು?” ಎಂದು ಕಾವಲುಗಾರನ ಕಡೆ ನೋಡಿ ಮೊದಲ ಸಲ ಸಣ್ಣಗೆ ನಕ್ಕಳು. “ಆಗ ಅವರು ಬಿಟ್ಟ ಹಾಗಾಯ್ತು ಪುಟ್ಟಿ. ಅವಳು ಹೋದ ಹಾಗಾಗಲ್ಲ.”

ರೈಲು ಹೊರಟ ಮೇಲೆ ಅವಳು ಕಾಗದವನ್ನು ತೊಡೆಯ ಮೇಲೆ ಹರಡಿಕೊಂಡಳು. ಸೀಮೆಸುಣ್ಣದ ಹಳೆಯ ಗೆರೆ ಇನ್ನೂ ಮಸುಕಾಗಿ ಕಾಣುತ್ತಿತ್ತು. ಗೆರೆಯ ಮೇಲೆಯೇ ಕತ್ತರಿ ಆಡಿಸುತ್ತ ಸುತ್ತಲೂ ಬಂದಳು. ತೆಳ್ಳನೆಯ ಕಂದು ಪಟ್ಟಿಗಳು ಮಡಿಲಿಗೆ ಬಿದ್ದವು. ಉಳಿದ ತುಂಡನ್ನು ಎತ್ತಿ ಬೆಳಕಿಗೆ ಹಿಡಿದಳು. ಎಷ್ಟು ಚಿಕ್ಕದು ಅನ್ನಿಸಿತು ನನಗೆ.

“ಆ ಅಡುಗೆಯವನನ್ನ ತೆಗೀಬೇಕು” ಎಂದಳು.

ನಾನು ಕಿಟಕಿಯಾಚೆ ನೋಡುತ್ತ ಕೂತೆ. ಅಮ್ಮನ ಕೊನೆಯ ವರ್ಷ ನೆನಪಾಯಿತು. ಕಾಯಿಲೆಯಲ್ಲಿ ಅಮ್ಮ ಸೊರಗಿ ಇಳಿಯುತ್ತಿದ್ದಳು, ಗೌನು ದೊಗಳೆಯಾಗುತ್ತಿತ್ತು. ಕನ್ನಡಿಯ ಮುಂದೆ ನಿಂತಾಗ ಅದು ಅವಳಿಗೆ ಕಾಣಬಾರದೆಂದು ಚಿಕ್ಕಮ್ಮ ಇಸ್ತ್ರಿಗೆ ಒಯ್ಯುವ ನೆಪದಲ್ಲಿ ಬಟ್ಟೆ ತಂದು, ಪಕ್ಕದ ಹೊಲಿಗೆಯನ್ನು ಒಂದೊಂದು ಬೆರಳು ಒಳಗೆ ಹಿಡಿದು, ಮತ್ತೆ ಕಪಾಟಿನಲ್ಲಿಡುತ್ತಿದ್ದಳು. ತಿಂಗಳುಗಟ್ಟಲೆ ಅಮ್ಮನ ಗೌನು ಅಮ್ಮನಿಗೆ ಸರಿಯಾಗಿಯೇ ಇತ್ತು. ಒಮ್ಮೆ ಅಮ್ಮ ಗೌನಿನ ಒಳಗಂಚನ್ನು ತಿರುವಿ, ಸಾಲುಸಾಲಾಗಿದ್ದ ಹೊಲಿಗೆಗಳನ್ನು ನೋಡಿ, “ಇನ್ನು ಬಟ್ಟೆ ಉಳಿದಿಲ್ವಲ್ಲೇ ಹಿಡಿಯೋಕೆ” ಎಂದು ನಕ್ಕಿದ್ದಳು. ಚಿಕ್ಕಮ್ಮ ನೀರು ತರುತ್ತೇನೆಂದು ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ.

ಅಂಥ ಮೈಯೊಂದನ್ನು ಇನ್ನೊಮ್ಮೆ ಇಳಿಸಲು ಅವಳಿಗೆ ಕೈ ಬಂದಿರಲಿಲ್ಲ. ಅದಕ್ಕೇ ಆ ಅಡುಗೆಯವನು, ಆ ರೊಟ್ಟಿ.

ಊರಿಗೆ ಬಂದ ಮೇಲೆ ಕೆಲವು ವಾರ ಅವಳು ಪೆನ್ಸಿಲ್ ಮುಟ್ಟಲಿಲ್ಲ. ಶಾಲೆ ಶುರುವಾಗುವ ಸಮಯ, ಸಮವಸ್ತ್ರಗಳ ರಾಶಿ ಬಿದ್ದಿತ್ತು. ಚಿಕ್ಕಪ್ಪ “ಖೈದಿ ಏನಾದ್ಲು? ಪೆರೋಲ್ ಸಿಕ್ತಾ?” ಎಂದು ಕೇಳಿದ. ಅವಳು ತಲೆಯೆತ್ತದೆ ಅನ್ನ ಬಡಿಸಿದಾಗ ತಟ್ಟೆ ನೋಡಿಕೊಂಡು ಊಟ ಮುಗಿಸಿ, ಅವತ್ತು ಪಾತ್ರೆಯನ್ನು ತಾನೇ ತೊಳೆದ.

ಒಂದು ಮಧ್ಯಾಹ್ನ ನಾನು ಕಾಲೇಜಿನಿಂದ ಬಂದಾಗ ಯಂತ್ರದ ಮೇಲೆ ಕಾಗದಗಳ ಕಟ್ಟು ಇತ್ತು. ಕಿಟಕಿಯ ತುಂಡು ಮೊಳೆಯ ಮೇಲೆ ಮತ್ತೆ ನೇತಾಡುತ್ತಿತ್ತು, ಕೋಟಿನ ತೋಳಿಗಿಂತ ಸ್ವಲ್ಪ ಅಗಲ.

“ಓದು” ಎಂದಳು. “ಇದರಲ್ಲಿ ನಿಮ್ಮಮ್ಮ ಇದಾಳೆ. ನಿಂಗೆ ಬೇಡ ಅನ್ಸಿದ್ರೆ ಹರಿದುಹಾಕ್ತೀನಿ. ಬೇರೆ ಏನಾದ್ರೂ ಯೋಚನೆ ಮಾಡೋಣ.”

ಅಂಗಡಿಯ ಮೆಟ್ಟಿಲ ಮೇಲೆ ಕೂತು ಓದಿದೆ. ಅಡುಗೆಯವನು ಇರಲಿಲ್ಲ. ಗಂಜಿ ದಿನಕ್ಕೊಂದು ಸಲ ಬರುತ್ತಿತ್ತು, ಆಮೇಲೆ ದಿನ ಬಿಟ್ಟು ದಿನ. ಅವಳು ಇಳಿಯುತ್ತ ಬಂದಳು. ಭುಜದ ಮೂಳೆ, ಮಣಿಕಟ್ಟು, ಮಂಡಿ, ಎಲ್ಲವೂ ನಾನು ಬಲ್ಲ ಕ್ರಮದಲ್ಲಿಯೇ ಕಾಣಿಸಿಕೊಂಡವು. ದೊಗಳೆಯಾದ ಅಂಗಿ ಕಲ್ಲಿಗೆ ಸಿಕ್ಕಿಕೊಂಡೀತೆಂದು ಅವಳು ಅದರ ಪಕ್ಕದ ಹೊಲಿಗೆಯನ್ನು ತಾನೇ ಒಳಗೆ ಹಿಡಿಯುತ್ತಿದ್ದಳು. ಪ್ರತಿ ಸಲ ಹಿಡಿದಾದ ಮೇಲೆ ಕಿಟಕಿಯ ಬಳಿ ಹೋಗಿ ನಿಲ್ಲುತ್ತಿದ್ದಳು. ಇನ್ನು ಎರಡು ಬೆರಳು. ಇನ್ನು ಒಂದು. ಬೆರಳು ಕಡಿಮೆಯಾದಷ್ಟೂ ಅವಳು ಹಗುರಾಗುತ್ತಿದ್ದಳು. ಕೊನೆಯ ಹಾಳೆಯಲ್ಲಿ ಅವಳ ಬರಿಗಾಲಿಗೆ ಹುಲ್ಲು ತಾಗಿತು.

ಒಳಗೆ ಯಂತ್ರ ನಿಂತಿತ್ತು. ನಾನು ಓದಿ ಮುಗಿಸುವುದನ್ನು ಅವಳು ಕಾಯುತ್ತಿದ್ದಳು. ಹಾಳೆಗಳನ್ನು ಜೋಡಿಸಿ ಅವಳ ಮುಂದಿಟ್ಟೆ. ಒಂದು ಪ್ರಶ್ನೆ ಕೇಳಿದೆ.

“ಸೂಜಿ ಎಲ್ಲಿಂದ ಬಂತು ಅವಳಿಗೆ? ಸೆರೆಗೆ ಹಾಕುವಾಗ ಎಲ್ಲಾ ಕಿತ್ಕೊಂಡಿದಾರಲ್ಲ.”

ಚಿಕ್ಕಮ್ಮ ನನ್ನನ್ನೇ ನೋಡಿದಳು. ಕಣ್ಣೊರೆಸಿಕೊಂಡು ಹಾಳೆ ತಿರುವಿದಳು. “ಹೌದಲ್ಲೇ. ಬರೆದೇ ಇಲ್ಲ.” ಪೆನ್ಸಿಲನ್ನು ಕಿವಿಯ ಸಂದಿಯಿಂದ ತೆಗೆದಳು. “ಕಾವಲಿನವರು ಮೀನು ತಿಂದು ಮುಳ್ಳು ಬಿಸಾಕಿರ್ತಾರೆ. ಆಗುತ್ತಾ?”

“ಮುರಿಯುತ್ತೆ.”

“ಮುರೀಲಿ. ಇನ್ನೊಂದು ಆರಿಸ್ಕೋತಾಳೆ” ಎಂದು ಕಾಗದದ ಮೇಲೆ ಬಗ್ಗಿದಳು.